ಬರೆಸುವ ಕೈ

ಪದ್ಮ ಮೇಡಂ ಒಳ್ಳೆಯವರು. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು, ಒಳ್ಳೆಯವರ ಜೊತೆ ಏನು ಮಾಡುವುದು? ನಮ್ಮ ಡಿ.ಎಡ್. ಕಾಲೇಜಿನಲ್ಲಿ ಪಾಠ ಹೇಳುವವರು. ಕಾಲೇಜಿನಿಂದ ನನ್ನನ್ನು ಗೋವಿಂದನಹಳ್ಳಿಯ ಶಾಲೆಗೆ ತರಬೇತಿಗೆ ಹಾಕಿದ ದಿನವೇ ಪಕ್ಕಕ್ಕೆ ಕರೆದು, ಸಿಂಚನ, ಬೋರ್ಡಿನ ಮೇಲೆ ಬರೆಯಲು ಹೋಗಬೇಡಿ, ಬರೆದಿಟ್ಟ ಚಾರ್ಟು ನೇತುಹಾಕಿ ಸಾಕು, ಎಳೆಯ ಮಕ್ಕಳು ನೋಡಿದ್ದನ್ನೇ ಕಲಿಯುತ್ತವೆ ಎಂದಿದ್ದರು. ಏನನ್ನು ನೋಡಬಾರದು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಬರೆಯುವುದು ಎಡಗೈಯಲ್ಲಿ.

ಬಲಗೈ ನನಗೆ ಇದ್ದೂ ಇಲ್ಲದಂತೆ. ಹೆರಿಗೆಯಲ್ಲಿ ಭುಜ ಎಳೆದುಹೋಗಿ, ಮಣಿಕಟ್ಟು ಒಳಕ್ಕೆ ಮಡಿಚಿಕೊಂಡು, ಬೆರಳುಗಳು ಮುಷ್ಟಿಯಾಗಿಯೇ ಉಳಿದವು. ನಮ್ಮೂರು ಸಿಂಧಘಟ್ಟದಿಂದ ಬಸ್ಸು ಹತ್ತಿದರೆ ಎಡಗೈ ಕಂಬಿಗೆ ಮೀಸಲು, ಬ್ಯಾಗು ಜಾರಿದರೆ ಜಾರಿದ ಹಾಗೆಯೇ. ಬೆಳಗ್ಗೆ ಅಂಗಡಿಗೆ ಹೋದರೆ, ಬೋಣಿ ಹೊತ್ತಿನಲ್ಲಿ ಎಡಗೈಯಿಂದ ದುಡ್ಡು ಈಸಿಕೊಳ್ಳಲು ಅಂಗಡಿಯವನು ಹಿಂದುಮುಂದು ನೋಡುತ್ತಾನೆ. ಯಾರಿಗೆ ಏನು ಕೊಟ್ಟರೂ ‘ಎಡಗೈ, ಬೇಜಾರು ಮಾಡ್ಕೋಬೇಡಿ’ ಎನ್ನಬೇಕು ಎಂದು ಅವ್ವ ಚಿಕ್ಕಂದಿನಲ್ಲೇ ಕಲಿಸಿಬಿಟ್ಟಿದ್ದಳು. ಹೇಳಿ ಹೇಳಿ ನಾಲಿಗೆ ಸವೆದಿತ್ತು. ಟೀಚರಾದ ಮೇಲೂ ಹೀಗೆ ಎಲ್ಲರ ಕ್ಷಮೆ ಕೇಳಿಕೊಂಡೇ ಇರಬೇಕೇ ಎಂಬುದು ಹಗಲೂ ರಾತ್ರಿ ತಲೆ ಕೊರೆಯುತ್ತಿತ್ತು. ಕೂತರೆ ಕಾಲು ಅಲುಗಾಡುತ್ತಿತ್ತು, ಎದ್ದರೆ ಶಾಲೆಯ ಜಗಲಿಯುದ್ದಕ್ಕೂ ಸುಮ್ಮನೆ ತಿರುಗುತ್ತಿದ್ದೆ.

ಆ ಗುರುವಾರ ಶಾಲೆಗಿದ್ದ ಒಬ್ಬರೇ ಟೀಚರಾದ ಹೆಡ್‌ಮೇಷ್ಟ್ರು ಮೀಟಿಂಗೆಂದು ಕೆ.ಆರ್. ಪೇಟೆಗೆ ಹೋಗಿದ್ದರು. ನನ್ನ ಪಾಠ ನೋಡಿ ಅಂಕ ಹಾಕಲು ಪದ್ಮ ಮೇಡಂ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಚಾರ್ಟಿನ ದಾರವನ್ನು ಹಲ್ಲಲ್ಲಿ ಕಚ್ಚಿ ಬಿಗಿಯುತ್ತಿದ್ದಾಗ ಊರಿನ ಅಜ್ಜಿ ಮಾಯಮ್ಮ ಬಾಗಿಲಿಗೆ ಬಂದಳು. ಸೆರಗು ಹಿಡಿದುಕೊಂಡ ಮೊಮ್ಮಗ ಚಿನ್ನು, ಅವಳ ಕೈಯಲ್ಲಿ ಅಕ್ಕಿ ಹರಡಿದ ತಟ್ಟೆ. ಅವನನ್ನು ಅಂದು ಒಂದನೇ ಕ್ಲಾಸಿಗೆ ಕೂರಿಸಬೇಕಿತ್ತು. ಅದಕ್ಕೆ ಮೊದಲು ಟೀಚರು ಮಗುವಿನ ಕೈ ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸಬೇಕಂತೆ. ಇಂಥ ಶುಭಕಾರ್ಯಕ್ಕೆ ಇದುವರೆಗೆ ಯಾರೂ ನನ್ನ ಮುಂದೆ ಬಂದು ನಿಂತಿರಲಿಲ್ಲ. ಇವನಿಗೆ ಬರೆಸಿದರೆ ನಾನು ಟೀಚರು, ಇಲ್ಲವಾದರೆ ಚಾರ್ಟು ನೇತುಹಾಕುವವಳು.

ಎಡಗೈ ಮುಂದೆ ಮಾಡಿದೆ. ಅಜ್ಜಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ಪದ್ಮ ಮೇಡಂ ಥಟ್ಟನೆ ಎದ್ದು, ಸಿಂಚನಾಗೆ ಕಷ್ಟವಾಗುತ್ತೆ, ನಾನೇ ಬರೆಸುತ್ತೇನೆ ಎಂದರು. ಆ ಕನಿಕರ ಕೇಳಿ ನನ್ನ ಮೈ ಉರಿಯಿತು. ಅಜ್ಜಿ ಅದಕ್ಕೂ ಒಪ್ಪಲಿಲ್ಲ. ಬಂದು ಹೋಗುವವರ ಕೈ ಆಗದು, ದಿನಾ ಪಾಠ ಹೇಳುವವರ ಕೈಯೇ ಬೇಕು, ಅದರಲ್ಲೂ ಬಲಗೈಯೇ ಬೇಕು ಎಂದಳು. ಆಮೇಲೆ ಉಪಾಯವನ್ನೂ ತಾನೇ ಹುಡುಕಿದಳು.

“ಕೊಡವ್ವ ಇಂಗೆ ಆ ಕೈಯ. ಅದು ಸುಮ್ಕೆ ಮ್ಯಾಲಿದ್ರೆ ಸಾಕು, ಮಿಕ್ಕಿದ್ದ ನಾನ್ ನೋಡ್ಕತೀನಿ.”

ನನ್ನನ್ನು ಕೇಳದೆಯೇ ವೇಲಿನ ಒಳಗಿದ್ದ ಬಲಗೈಯನ್ನು ಹೊರಕ್ಕೆಳೆದಳು. ಚಿನ್ನುವಿನ ಕೈ ಮೇಲೆ ನನ್ನ ಮುಷ್ಟಿ, ಅದರ ಮೇಲೆ ಅವಳ ಒರಟು ಅಂಗೈ. ಅಜ್ಜಿಗೆ ಓದು ಬರಹ ಬಾರದು. ತಟ್ಟೆಯಲ್ಲಿ ಕೋಳಿ ಕೆದರಿದಂತೆ ಏನೋ ಒಂದು ಮೂಡಿತು. ಬೆರಳು ನೊಂದು ಮಗು ಅಳತೊಡಗಿತು, ನನ್ನ ಭುಜ ಸೆಳೆಯಿತು. ಅಜ್ಜಿ ಮಾತ್ರ ನನ್ನ ಮುಷ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹುಟ್ಟಿದಾಗಿನಿಂದ ಒಂದು ಗೆರೆಯನ್ನೂ ಎಳೆಯದ ಕೈಗೆ ನಮಸ್ಕಾರ. ಇಷ್ಟೆಲ್ಲ ಪರೀಕ್ಷೆ ಬರೆದು ಪಾಸು ಮಾಡಿಸಿದ ಕೈ ಪಕ್ಕದಲ್ಲೇ ಸುಮ್ಮನೆ ಬಿದ್ದಿತ್ತು. ಸಿಟ್ಟು ನೆತ್ತಿಗೇರಿ, ಎಡಗೈಯಿಂದ ಅಕ್ಕಿಯನ್ನು ಒಮ್ಮೆ ಸವರಿ ಎಲ್ಲ ಅಳಿಸಿಬಿಟ್ಟೆ.

ಮೊದಲ ಅಕ್ಷರವನ್ನು ಮಗು ತಿದ್ದುವ ಮುಂಚೆ ಅಳಿಸಿದರೆ ವಿದ್ಯೆ ಹತ್ತುವುದಿಲ್ಲ ಎಂದು ನಮ್ಮ ಮನೆಯಲ್ಲೂ ಹೇಳುತ್ತಿದ್ದರು. ಗೊತ್ತಿದ್ದೂ ಮಾಡಿದ್ದೆ. ಪದ್ಮ ಮೇಡಂ ಪೆನ್ನು ಕೆಳಗಿಟ್ಟರು. ನನ್ನ ತರಬೇತಿ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಆದರೂ ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ.

“ಆ ಕೈಗೆ ಒಂದಕ್ಷರನೂ ಬರಲ್ಲ ಅಜ್ಜಿ. ನಾನು ಕಲ್ತಿದ್ದೆಲ್ಲ ಇದ್ರಲ್ಲೇ.”

ಅಜ್ಜಿ ಬರಿದಾದ ಅಕ್ಕಿಯನ್ನೇ ನೋಡುತ್ತ ನಿಂತಳು. ಮೊಮ್ಮಗನನ್ನು ಎತ್ತಿಕೊಂಡು ಹೋಗಿಬಿಡುತ್ತಾಳೆ, ಊರೆಲ್ಲ ಹೇಳಿಕೊಂಡು ಬರುತ್ತಾಳೆ ಎಂದು ಕಾದೆ. ಅವಳು ತಟ್ಟೆಯನ್ನು ನನ್ನ ಕಡೆಗೆ ನೂಕಿದಳು.

“ಅಳಿಸ್ಬುಟ್ಯಲ್ಲ ಮಗಾ. ಇನ್ನು ಬ್ಯಾರೆ ಯಾರ್ ಬರೆಸುದ್ರೂ ನಿಲ್ಲಾಕಿಲ್ಲ. ಅಳಿಸಿದ ಕೈಯೇ ಬರೆಸ್ಬೇಕು.”

ಅವಳ ಮುಖದಲ್ಲಿ ಕನಿಕರ ಒಂದಿಷ್ಟೂ ಇರಲಿಲ್ಲ. ಇದ್ದದ್ದು ಕೋಪ ಮತ್ತು ಹೆದರಿಕೆ. ಅದೇ ನನಗೆ ಹಿತವಾಯಿತು. ನೆಲದ ಮೇಲೆ ಕೂತು ಚಿನ್ನುವಿನ ಕೈಯನ್ನು ಎಡಗೈಯಲ್ಲಿ ಹಿಡಿದೆ. ಕಣ್ಣೊರೆಸಿಕೊಂಡಿದ್ದರಿಂದ ಅವನ ಬೆರಳು ಒದ್ದೆಯಾಗಿತ್ತು, ಅಕ್ಕಿಕಾಳು ಅಂಟಿಕೊಳ್ಳುತ್ತಿದ್ದವು. ಸೊಟ್ಟಗಾಗಬಾರದೆಂದು ಅವನ್ನು ಒರೆಸಿದೆ. ನಿಧಾನವಾಗಿ ಬಳಸಿ, ಮೇಲೆತ್ತಿ, ಕೊನೆಯ ಗೆರೆ ಎಳೆದು ‘ಅ’ ಬರೆಸಿದೆ.

ಅಜ್ಜಿ ಬಗ್ಗಿ ನೋಡಿದಳು. ಓದಲು ಬಾರದವಳು ಯಾರನ್ನಾದರೂ ಕೇಳಲೇಬೇಕಿತ್ತು. ಹಿಂದೆ ನಿಂತಿದ್ದ ಪದ್ಮ ಮೇಡಂ ಉತ್ತರಕ್ಕೆ ಸಿದ್ಧರಾಗಿಯೇ ಇದ್ದರು. ಅಜ್ಜಿ ಅವರ ಕಡೆ ತಿರುಗಲಿಲ್ಲ.

“ಸರ್ಯಾಗೈತಾ ಮೇಡಮ್ಮಾ?” ಎಂದು ನನ್ನನ್ನೇ ಕೇಳಿದಳು.