ಶಾಲನ್ ಮಾವಶಿಯ ಮಾತು, ಗಜಾನನನ ಅಡಿಬರಹ

ಸಾಂಗ್ಲಿಯ ಮೃಣಾಲ ವರ್ಷವಿಡೀ ಕ್ಯಾಮೆರಾ ಹೊತ್ತು ತಿರುಗಿ ಒಂದು ಸಾಕ್ಷ್ಯಚಿತ್ರ ಮಾಡಿದ್ದಳು. ಶಾಸಕ ಪಂಢರಿನಾಥ ಸಾಹೇಬರು ಸೀನಿದರೂ ಸುದ್ದಿ ಮಾಡುವ ಮಿರಜದ ಮರಾಠಿ ಕೇಬಲ್ ವಾಹಿನಿಯೊಂದು, ಅವರು ಮಾಡದೆ ಬಿಟ್ಟ ಕೆಲಸದ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ ಎಂಬುದು ಅದರ ವಿಷಯ.

ಅದರಲ್ಲಿ ಎಲ್ಲರಿಗಿಂತ ಸೊಗಸಾಗಿ ಮಾತಾಡಿದವಳು ಮೃಣಾಲಳ ತಾಯಿಯ ತಂಗಿ, ಮಾಲಗಾಂವದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಶಾಲನ್ ಮಾವಶಿ. ಆ ಊರಿಗೆ ದ್ರಾಕ್ಷಿ ಕೆಡದಂತೆ ಇಡುವ ಶೀತಗೃಹ ಕಟ್ಟಿಸುತ್ತೇನೆಂದು ಸಾಹೇಬರು ಮೂರು ಸಲ ಭೂಮಿಪೂಜೆ ಮಾಡಿದ್ದರು. ವಾಹಿನಿ ಮೂರನ್ನೂ ತೋರಿಸಿತ್ತು. ಮಾವಶಿ ಕ್ಯಾಮೆರಾ ಮುಂದೆ ತಣ್ಣಗೆ ಕನ್ನಡದಲ್ಲಿ ಹೇಳಿದ್ದಳು:

"ಶೀತಗೃಹ ಎಲ್ಲೈತಿ? ಬೋರ್ಡ್ ಒಂದ ಐತಿ. ಅದರ ನೆಳ್ಳಾಗ ನಮ್ಮ ಎಮ್ಮಿ ಆರಾಮ ಮಲಗತೈತಿ. ಟೀವಿಯವ್ರು ಎಮ್ಮೀನ ಯಾಕ ತೋರ್ಸಂಗಿಲ್ಲ?"

ಚಿತ್ರವನ್ನು ತೋರಿಸಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಆ ವಾಹಿನಿಯ ಮಾಲಕ, ಮೃಣಾಲಳ ಜೊತೆ ಶಾಲೆ ಕಲಿತ ಗಜಾನನನೇ ಫೋನ್ ಮಾಡಿದ. "ಮಾಲಗಾಂವದ ಕನ್ನಡ ಭಾಗ ಕೊಡು. ಒಂದು ಮಾತೂ ಕತ್ತರಿಸುವುದಿಲ್ಲ, ಕೆಳಗೆ ಮರಾಠಿ ಅಡಿಬರಹ ಹಾಕುತ್ತೇನೆ, ಅಷ್ಟೇ," ಎಂದ. ಅನುಮಾನವಿದ್ದರೂ ಅವಳು ಕೊಟ್ಟಳು.

ಅವನು ಮಾತಿಗೆ ತಪ್ಪಲಿಲ್ಲ, ಒಂದು ಮಾತನ್ನೂ ಕತ್ತರಿಸಲಿಲ್ಲ. ಮಾವಶಿ ಎಮ್ಮೆಯ ಮಾತಾಡುತ್ತಿದ್ದಾಗ ಅವಳ ಗದ್ದದ ಕೆಳಗೆ ಮರಾಠಿ ಅಕ್ಷರ ಮೂಡಿದವು: 'ಸಾಹೇಬರ ನೆರಳಿನಲ್ಲಿ ನಾವು ಸುಖವಾಗಿದ್ದೇವೆ.' ಕನ್ನಡದ ಹಳ್ಳಿಗಳೂ ಸಾಹೇಬರ ಕಡೆಗಿವೆ ಎಂದು ಚುನಾವಣೆಗೆ ಮೊದಲು ಅವನಿಗೆ ತೋರಿಸಬೇಕಿತ್ತು.

ಮಾವಶಿಯ ಮನೆಯಲ್ಲೇ ಕುಳಿತು ನೋಡುತ್ತಿದ್ದ ಮೃಣಾಲಳ ಕಿವಿ ಕೆಂಪಾದವು. ಅಷ್ಟರಲ್ಲಿ ಪಕ್ಕದ ಮನೆಯಿಂದ ನಗು ಕೇಳಿತು, ಅದರಾಚೆಯ ಮನೆಯಿಂದಲೂ. ಕನ್ನಡ ಕೇಳಿ ಮರಾಠಿ ಓದಬಲ್ಲ ಊರದು. ಇಡೀ ಓಣಿ ಹೊಟ್ಟೆ ಹಿಡಿದುಕೊಂಡಿತ್ತು.

"ಕೆಳಗ ಏನ್ ಬರದಾರ?" ಕನ್ನಡಕ ಹುಡುಕುತ್ತ ಮಾವಶಿ ಕೇಳಿದಳು. ಮೃಣಾಲ ಓದಿ ಹೇಳಿದಳು. "ಎಮ್ಮಿ ಸುಖವಾಗಿರೂದು ಖರೇನ," ಎಂದಳು ಮಾವಶಿ.

ಕನ್ನಡ ಬಾರದ ಸಾಹೇಬರಿಗೆ ಅಡಿಬರಹ ಬಹಳ ಹಿಡಿಸಿತು. ಆ ತಾಯಿಗೆ ಶಾಲು ಹೊದಿಸುತ್ತೇನೆಂದು ಮರುವಾರ ಮಾಲಗಾಂವಕ್ಕೇ ಬಂದರು. ಗಜಾನನ ಕಾರ್ಯಕ್ರಮವನ್ನು ನೇರ ಪ್ರಸಾರ ಮಾಡುತ್ತಿದ್ದ. ಶಾಲು ಹೊದ್ದ ಮಾವಶಿ ಮೈಕ್ ಹಿಡಿದು, ಮೊದಲು ಆಡಿದ ಮಾತನ್ನೇ ಆಡಿದಳು. ಜನ ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟಿದರು.

"ಏನು ಹೇಳಿದರು?" ಅವರು ಪಕ್ಕದಲ್ಲಿ ನಿಂತಿದ್ದ ಮೃಣಾಲಳತ್ತ ತಿರುಗಿ ಮರಾಠಿಯಲ್ಲಿ ಕೇಳಿದರು.

ಕ್ಯಾಮೆರಾ ಹಿಂದಿದ್ದ ಗಜಾನನ ಕೈಮುಗಿದ. ಮೃಣಾಲ ಅವನನ್ನು ನೋಡಿದಳು, ಮಾವಶಿಯನ್ನು ನೋಡಿದಳು. ಆಮೇಲೆ ಎಮ್ಮೆ, ಬೋರ್ಡ್, ನೆರಳು, ಒಂದನ್ನೂ ಬಿಡದೆ ಮರಾಠಿಯಲ್ಲಿ ಹೇಳಿದಳು. ಸಾಹೇಬರ ಕೈಗಳು ಚಪ್ಪಾಳೆಯ ನಡುವೆಯೇ ನಿಂತವು. ನಗು ಮಾತ್ರ ಮುಖದ ಮೇಲೆ ಹಾಗೇ ಉಳಿಯಿತು. ಪ್ರಸಾರ ನಡೆದೇ ಇತ್ತಲ್ಲ. ಗಜಾನನ ಕಕ್ಕಾಬಿಕ್ಕಿಯಾಗಿ ಬಂಗಾರದಂಗಡಿಯ ಜಾಹೀರಾತು ಹಾಕಿದ. ತಡವಾಗಿತ್ತು.

ಶೀತಗೃಹವೇನೂ ಏಳಲಿಲ್ಲ. ಬೋರ್ಡ್ ಮಾತ್ರ ಎರಡೇ ದಿನದಲ್ಲಿ ಮಾಯವಾಯಿತು. ಸಾಹೇಬರು ಗಜಾನನನ ಫೋನ್ ಎತ್ತುವುದನ್ನು ಬಿಟ್ಟರು. ಬದಲಿಗೆ ಮಿರಜದಿಂದಲೂ ಸಾಂಗ್ಲಿವಾಡಿಯಿಂದಲೂ ಜನ ಅವನಿಗೆ ಫೋನ್ ಮಾಡತೊಡಗಿದರು. ಆ ಚಿತ್ರ ಪೂರ್ತಿ ಬೇಕಂತೆ. ಒಂದು ಮಧ್ಯಾಹ್ನ ಅವನು ಮಾವಶಿಯ ಅಂಗಳಕ್ಕೆ ಬಂದು, ಮೃಣಾಲಳ ಎದುರು ತಲೆ ಕೆರೆಯುತ್ತ ಕುಳಿತ.

"ಪೂರ್ತಿ ತೋರಿಸುತ್ತೇನೆ. ಅಡಿಬರಹ ನೀನೇ ಬರಿ."

ಅವನು ಇನ್ನಷ್ಟು ಬೆವರಲಿ ಎಂದು ಮೃಣಾಲಳಿಗೆ ಅನಿಸಿತು. ತಟ್ಟೆಯಲ್ಲಿ ದ್ರಾಕ್ಷಿ ತಂದಿಟ್ಟ ಮಾವಶಿ ಬಾಯಿ ಹಾಕಿದಳು.

"ತೋರಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅವತ್ತ ಹಳೇ ಸೀರಿ ಉಟ್ಟಿದ್ನಿ. ಇಳಕಲ್ ಉಟಗೊಂಡು ಇನ್ನೊಮ್ಮಿ ಹೇಳ್ತೀನಿ, ತಗೀ ನಿನ್ನ ಕ್ಯಾಮೆರಾ."

"ಮಾವಶಿ, ಹಂಗ... ಹಂಗ ಮಾಡಬಾರ್ದು. ಇದು ಖರೇ ಸಿನಿಮಾ," ಎಂದು ಮೃಣಾಲ ತಡವರಿಸುತ್ತ ಕನ್ನಡದಲ್ಲಿ ಹೇಳಿದಳು.

"ಇಳಕಲ್ ಸೀರಿನೂ ಖರೇದ ಐತಿ," ಎಂದು ಮಾವಶಿ ಟ್ರಂಕು ತೆಗೆಯಲು ಒಳಗೆ ಹೋದಳು.