ಮೆಟ್ಟು ಹೌದೋ ಅಲ್ಲವೋ

“ಇಳಿಜಾರು ಮುಗೀಲಿ, ಮೊದಲು ಜಾರೋರು ನೀವೇ” ಎಂದು ಎಂಟು ವರ್ಷದ ಹಿಂದೆ ಪದ್ಮಿನಿ ಮಾತು ಕೊಟ್ಟಿದ್ದಳು. ಕೊಟ್ಟದ್ದು ಗುಡ್ಡದ ಕಲ್ಲು ಆಯ್ದು, ಮಣ್ಣು ಹೊತ್ತು, ನೆತ್ತಿಯಿಂದ ಬುಡದವರೆಗೆ ನೆಲ ಸಮ ಮಾಡಿದ ಒಂಬತ್ತು ಜನ ಹೆಂಗಸರಿಗೆ. ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯ ಪಕ್ಕದ ಆ ಗುಡ್ಡಕ್ಕೆ ಹಿಮ ಎಲ್ಲಿಂದ ಬರಬೇಕು? ಕೊಳ್ಳೇಗಾಲದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪ್ರಭುಸ್ವಾಮಿ ಒಮ್ಮೆ ಮನಾಲಿ ನೋಡಿ ಬಂದವನೇ, ಬ್ರಷ್ಷಿನಂಥ ಪ್ಲಾಸ್ಟಿಕ್ ಹಾಸು ತರಿಸಿ, ಅದಕ್ಕೆ ನೀರು ಚಿಮುಕಿಸಿ, ಅದರ ಮೇಲೆ ಕಾಲಿಗೆ ಉದ್ದ ಹಲಗೆ ಕಟ್ಟಿ ಜಾರುವ ಸ್ಕೀ ಆಡಿಸುವ ರೆಸಾರ್ಟ್ ಮಾಡಿದ. ಪದ್ಮಿನಿ ಅದರ ಮ್ಯಾನೇಜರ್.

ಉದ್ಘಾಟನೆಯ ದಿನ ಕಾರುಗಳಲ್ಲಿ ದೊಡ್ಡವರು ಬಂದರು. ಆಮೇಲೆ ಶನಿವಾರ, ಭಾನುವಾರ ಬೆಂಗಳೂರಿನವರು. ಹೆಂಗಸರ ವಿಷಯ ಎತ್ತಿದಾಗಲೆಲ್ಲ ಪ್ರಭುಸ್ವಾಮಿಯದು ಒಂದೇ ರಾಗ: “ಸೀರೆ ಉಟ್ಟೋರು ಬಿದ್ರೆ ಯಾರಮ್ಮ ಜವಾಬ್ದಾರಿ?”

ಯಾರು ಬಿದ್ದರೂ ಜವಾಬ್ದಾರಿ ಯಾರದೆಂದು ಪದ್ಮಿನಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬೊಬ್ಬರ ಹೆಲ್ಮೆಟ್ ಪಟ್ಟಿ ಎಳೆದು ನೋಡುವವಳು ಅವಳು. ಕುಂತೂರಿನ ಕಡೆಯಿಂದ ಕಬ್ಬಿನ ತರಗು ತರಿಸಿ, ಮೂಟೆ ಕಟ್ಟಿಸಿ, ಇಳಿಜಾರಿನ ಬುಡದಲ್ಲಿ ತಡೆಗೋಡೆ ಪೇರಿಸಿದವಳು ಅವಳು. ಸೆಲ್ಫಿಗೆಂದು ಹಗ್ಗ ದಾಟಿದವರನ್ನು ಗದರಿ, ಅವರಿಂದ ತಿರುಗಿ ಬೈಸಿಕೊಂಡು, ಮನೆಗೆ ಹೋಗಿ ಎರಡು ಮಕ್ಕಳ ಹೋಂವರ್ಕಿಗೆ ಕೂರುವವಳೂ ಅವಳೇ. ಅಷ್ಟೆಲ್ಲದರ ಮಧ್ಯೆ ಸಂತೆಯಲ್ಲೋ ಬಸ್ಸಿನಲ್ಲೋ ಆ ಹೆಂಗಸರಲ್ಲಿ ಒಬ್ಬರು ಎದುರಾದರೆ ಮುಖ ತಿರುಗಿಸಿಕೊಳ್ಳುವಂತಾಗುತ್ತಿತ್ತು.

ಈಚೆಗೆ ಹೊಸ ಜನ ಬರುವುದೇ ನಿಂತಿತು. ಒಮ್ಮೆ ಜಾರಿ ಫೋಟೊ ಹಾಕಿಕೊಂಡವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಪ್ರಭುಸ್ವಾಮಿ ಹಾಸನ್ನು ಊಟಿಯ ಯಾರಿಗೋ ಮಾರಿಬಿಟ್ಟ. ಇಳಿಜಾರು ಕಡಿಸಿ ಮದುವೆ ಹಾಲ್ ಕಟ್ಟಿಸುತ್ತಾನಂತೆ. ಗುರುವಾರ ಲಾರಿ.

“ಬುಧವಾರ ಒಂದು ದಿನ ಆ ಹೆಂಗಸರಿಗೆ ಬಿಟ್ಟುಕೊಡಿ ಸಾ” ಎಂದು ಪದ್ಮಿನಿ ಬೆನ್ನುಬಿದ್ದು ಒಪ್ಪಿಸಿದಳು. ಹಿಂದಿನ ಶನಿವಾರವೇ ಊರಿಗೆ ಹೋಗಿ, ಕೊಳಾಯಿಯ ಹತ್ತಿರ ಒಂಬತ್ತು ಜನರ ಪಾದಕ್ಕೂ ದಾರ ಹಿಡಿದು ಅಳತೆ ತಂದಳು. ಒಂಬತ್ತು ಜೊತೆ ಬೂಟು ಒರೆಸಿ ಸಾಲಾಗಿ ಇಟ್ಟಳು.

ಬುಧವಾರ ಹತ್ತು ಗಂಟೆಗೆ ಎಲ್ಲರೂ ಬಂದರು. ಮಕ್ಕಳ ಟ್ರ್ಯಾಕ್ ಪ್ಯಾಂಟ್ ತೊಟ್ಟು ಅದರ ಮೇಲೆ ಸೀರೆ ಎತ್ತಿ ಕಟ್ಟಿದ್ದರು.

“ನೋಡಮ್ಮಿ ಈ ವೀರಮ್ಮನ್ನ, ಪೊಲೀಸ್ ಕೆಲ್ಸಕ್ಕೆ ಸೇರ್ದಂಗವ್ಳೆ!” ಎಂದು ಪುಟ್ಟಗೌರಮ್ಮ ಕೆಣಕಿದಳು. ಗುಂಪಿಗೆಲ್ಲ ಹಿರಿಯಳು ಅವಳು.

“ನಿನ್ನೇ ಹಿಡ್ಕಂಡೋಗಕೆ ಬಂದಿರದು ಕಣಕ್ಕ” ಎಂದಳು ವೀರಮ್ಮ.

ಆ ನಗು ಬೂಟಿನ ಸಾಲಿನ ಮುಂದೆ ಬರುತ್ತಲೇ ನಿಂತಿತು. ಪುಟ್ಟಗೌರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

“ಇದ್ಯಾಕವ್ವ ಮೆಟ್ಟು?”

“ಇದಿಲ್ದೆ ಜಾರೋ ಹಲಗೆ ಕಾಲಿಗೆ ಕಚ್ಚಲ್ಲ ಕಣಕ್ಕ” ಎಂದಳು ಪದ್ಮಿನಿ.

“ಮೆಟ್ಟು ಹಾಕಂಗಿಲ್ವಲ್ಲವ್ವ! ಸೋಮ್ವಾರ ಮುಡಿಪು ಕಟ್ಟಿವಿ. ಸಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡ್ಕಂಡೋಗಿ ಬರಗಂಟ ಎಲ್ರುದೂ ಬರಿಗಾಲು.”

ಪದ್ಮಿನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವಳೇನು ಹೊರಗಿನವಳೇ? ಯಳಂದೂರಿನ ಮಗಳು. ಅವಳ ತಾಯಿಯೂ ಹೀಗೇ ಮುಡಿಪು ಕಟ್ಟಿ, ಕಾಲಲ್ಲಿ ಮುಳ್ಳು ಮುರಿದುಕೊಂಡು ಬೆಟ್ಟಕ್ಕೆ ನಡೆದವರು. ಶಿವರಾತ್ರಿ ಹತ್ತಿರ ಬಂತೆಂಬುದು ಹೇಗೆ ಹೊಳೆಯದೆ ಹೋಯಿತು?

“ಅಳತೆ ತಕಂಡಾಗ ಒಂದು ಮಾತು ಹೇಳಬಾರದಿತ್ತಾ?”

“ಕಾಲುಂಗ್ರ ಮಾಡ್ಸಿಕೊಡ್ತೀರಿ ಅನ್ಕಂಡ್ವಿ” ಎಂದಳು ವೀರಮ್ಮ.

ಪಕ್ಕದಲ್ಲೇ ನಿಂತಿದ್ದ ಪ್ರಭುಸ್ವಾಮಿ ಗಡಿಯಾರ ನೋಡಿಕೊಂಡ. “ಗೋಣಿಚೀಲದ ಮೇಲೆ ಕೂರಿಸಿ ತಳ್ಳಮ್ಮ. ಜಾರಿದ್ದು ಜಾರಿದ್ದೇ ಅಲ್ವಾ?”

“ಹಿಡಿತ ತಪ್ಪಿ ಉರುಳಿದ್ರೆ ಆ ಹಾಸು ಚರ್ಮ ಸುಲಿದುಬಿಡುತ್ತೆ ಸಾ. ನಾನು ತಳ್ಳಲ್ಲ. ನಿಮ್ಮನ್ನೂ ತಳ್ಳೋಕೆ ಬಿಡಲ್ಲ.”

ಅಷ್ಟರಲ್ಲಿ ವೀರಮ್ಮ ಒಂದು ಬೂಟನ್ನು ಬೆರಳಿನಿಂದ ತಟ್ಟಿ ನೋಡಿದಳು. “ಇದು ಚರ್ಮ ಅಲ್ಲ ಕಣಕ್ಕ. ಪ್ಲಾಸ್ಟಿಕ್ಕು. ನೀರಿನ ಕೊಡ ಇದ್ದಂಗದೆ.”

“ಕೊಡವ ಯಾರಮ್ಮಿ ಕಾಲಿಗೆ ಹಾಕತಾರೆ?” ಎಂದಳು ಪುಟ್ಟಗೌರಮ್ಮ.

ವಾದ ಬೆಳೆಯಿತು. ಕೊನೆಗೆ ಹೊಂಗೆ ಮರದಡಿ ಕುಳಿತಿದ್ದ ದೊಡ್ಡಸಿದ್ದಯ್ಯನ ಮುಂದೆ ಬೂಟು ತಂದಿಟ್ಟರು. ವರ್ಷವರ್ಷ ಇವರನ್ನೆಲ್ಲ ಬೆಟ್ಟಕ್ಕೆ ನಡೆಸಿಕೊಂಡು ಹೋಗುವವನು ಅವನು. ಇಂದು ಜಾರಾಟ ನೋಡಲೆಂದು ಜೊತೆಗೆ ಬಂದಿದ್ದ. ಬೂಟನ್ನು ಮುಟ್ಟದೆ, ಸುತ್ತ ಬಗ್ಗಿ ನೋಡಿ, ಗಡ್ಡ ನೀವಿಕೊಂಡ.

“ಹಾಕ್ಕಂಡು ನಡ್ಯಕಾದ್ರೆ ಇದು ಮೆಟ್ಟು. ನಡ್ಯಕಾಗ್ನಿಲ್ಲ ಅಂದ್ರೆ ಮೆಟ್ಟಲ್ಲ, ಬರೀ ಸಾಮಾನು. ಯಾರಾರ ನಡ್ದು ತೋರ್ಸಿ.”

ಪದ್ಮಿನಿಗೆ ಹೋದ ಜೀವ ಬಂದಂತಾಯಿತು. ಆ ಬೂಟು ಹಾಕಿದ ಹೊಸಬರು ಕೆಸರಿಗೆ ಸಿಕ್ಕ ಎಮ್ಮೆಯಂತೆ ಮೂರು ಹೆಜ್ಜೆಗೇ ನಿಂತುಬಿಡುತ್ತಾರೆ. “ನಾನೇ ಹಾಕ್ತೀನಿ” ಎಂದು ಮುಂದೆ ಬಂದಳು.

“ನೀ ಬ್ಯಾಡ ಕಣವ್ವ. ನಿಂಗೆ ಇವರ್ನ ಜಾರ್ಸೋ ಆಸೆ. ಆ ಎಣ್ಮಗ ನಡೀಲಿ.”

ಅವನು ಕೈ ತೋರಿದ್ದು ಪುಷ್ಪಳ ಕಡೆಗೆ. ಬಂದವರಿಗೆ ಜಾರಲು ಕಲಿಸುವವಳು ಪುಷ್ಪ. ಬೂಟಿನ ಕೊಂಡಿ ಬಿಗಿಯುತ್ತ ಅವಳು ತಲೆಯೆತ್ತಿದಾಗ ಪದ್ಮಿನಿ ಕಣ್ಣಲ್ಲೇ ಸನ್ನೆ ಮಾಡಿದಳು: ಬೀಳೇ ತಾಯಿ, ಬಿದ್ದುಬಿಡು. ಪುಷ್ಪ ಹಿಂದೆಮುಂದೆ ನೋಡದೆ ತಲೆಯಾಡಿಸಿದಳು. ಕೆಲಸಕ್ಕೆ ಸೇರಿದ ದಿನ ಪದ್ಮಿನಿಯೇ ಅವಳಿಗೆ ಹೇಳಿಕೊಟ್ಟಿದ್ದಳು: “ಹೊಸಬರು ಮೊದಲು ನೋಡೋದು ನಿನ್ನ ನಡಿಗೇನ. ನೀನು ತಡವರಿಸಿದರೆ ಅವರ ಜೀವ ಬಾಯಿಗೆ ಬರುತ್ತೆ.”

ಪುಷ್ಪ ಹಿಮ್ಮಡಿಯೂರಿ, ಮಂಡಿ ಕೊಂಚ ಬಾಗಿಸಿ ಹೊರಟಳು. ಟಕ್ ಟಕ್ ಎಂದು ಮರದವರೆಗೆ ಹೋಗಿ, ಅಲ್ಲಿ ಚೆಂದವಾಗಿ ತಿರುಗಿ, ನಗುತ್ತ ವಾಪಸು ಬಂದಳು. ಒಂದು ಕಡೆಯಾದರೂ ಎಡವಲಿಲ್ಲ. ಹೆಂಗಸರು ಚಪ್ಪಾಳೆ ತಟ್ಟಿದರು.

“ಮೆಟ್ಟೇ ಕಣವ್ವ” ಎಂದ ದೊಡ್ಡಸಿದ್ದಯ್ಯ.

“ಸರಿಯಾಗಿ ನಡೆದೆ ಅಲ್ವಾ ಮೇಡಂ?” ಎಂದು ಪುಷ್ಪ ಕೇಳಿದಳು. ಪದ್ಮಿನಿ ಏನೆಂದು ಬೈಯಬೇಕು?

“ನಾಳೆ ಇದು ಇರಲ್ಲ ಕಣಕ್ಕ” ಎಂದಳು ಪುಟ್ಟಗೌರಮ್ಮನಿಗೆ. ಸಿಟ್ಟು ಬಂದಿತ್ತು. ಸಿಟ್ಟು ಯಾರ ಮೇಲೆಂದು ಅವಳಿಗೇ ತಿಳಿಯಲಿಲ್ಲ.

“ಓಗ್ಲಿ ಬುಡವ್ವ. ಈ ಎಂಟು ವರ್ಸದಲ್ಲಿ ಬ್ಯಾರೆ ಯಾವತ್ತು ಕರ್ದಿದ್ರೂ ಬರ್ತಿದ್ವಿ.”

ಕುಹಕವಿಲ್ಲದೆ, ಲೆಕ್ಕ ಕೇಳುವ ದನಿಯೂ ಇಲ್ಲದೆ ಅವಳು ಹಾಗೆಂದಳು. ಎತ್ತಿ ಕಟ್ಟಿದ್ದ ಸೀರೆ ಇಳಿಸಿಕೊಂಡು, ಪೊಲೀಸ್ ವೀರಮ್ಮನನ್ನು ಮುಂದೆ ಬಿಟ್ಟುಕೊಂಡು, ಎಲ್ಲರೂ ರಸ್ತೆಗೆ ಇಳಿದರು.

ಗುರುವಾರ ಮಧ್ಯಾಹ್ನ ಲಾರಿ ಹಾಸನ್ನು ತುಂಬಿಕೊಂಡು ಹೋಯಿತು. ಒಂಬತ್ತು ಜನರಲ್ಲಿ ಒಬ್ಬರೂ ಜಾರಲಿಲ್ಲ. ಪದ್ಮಿನಿ ಕೊಟ್ಟ ಮಾತು ನಡೆಸಿಕೊಡಲಿಲ್ಲ.