ಎದುರು ಕಡೆಯ ಮಂಡಿ

ಮೈದುನ ಎರಡನೇ ಸಲ ಟೈರು ಎಬ್ಬಿಸುವ ಕಬ್ಬಿಣದ ಲಿವರ್ ತೂರಿಸಿ ಎಳೆದಾಗ ಅದು ಚಿಮ್ಮಿ ಬಂದು ಅವನ ಮೊಣಕೈಗೇ ಬಡಿಯಿತು. ಟೈರು ಮಾತ್ರ ರಿಮ್ಮಿನಿಂದ ಕೂದಲೆಳೆಯಷ್ಟೂ ಮೇಲೇಳಲಿಲ್ಲ.

"ನೋಡಿದ್ರಾ ಅತ್ತಿಗೆ? ನನ್ ಕೈಲೇ ಆಗ್ತಿಲ್ಲ. ಇದು ಹೆಂಗಸರ ಕೆಲಸ ಅಲ್ಲ."

ಪಂಚರ್ ಅಂಗಡಿಯ ಬೀಗದ ಕೈ ಅವನ ಜೇಬಿನಲ್ಲಿತ್ತು. ಸೊಂಟಕ್ಕೆ ಪೆಟ್ಟಾಗಿ ಅವಳ ಗಂಡ ಹಾಸಿಗೆ ಹಿಡಿದ ಮೇಲೆ, ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದೆಂದು ಅಣ್ಣತಮ್ಮಂದಿರೇ ಕೂತು ತೀರ್ಮಾನಿಸಿಬಿಟ್ಟಿದ್ದರು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ನಾನೇ ನಡೆಸುತ್ತೇನೆ ಎಂದು ಅವಳು ಪಟ್ಟು ಹಿಡಿದಾಗ, ಹಾಗಾದರೆ ಈ ಟೈರು ಬಿಚ್ಚಿ ತೋರಿಸಿ ಎಂದು ಮೈದುನ ಅಂಗಳದಲ್ಲಿ ತನ್ನ ಕಾರಿನ ಸ್ಟೆಪ್ನಿ ಇಳಿಸಿದ್ದ. ಎಷ್ಟು ಕಷ್ಟವೆಂದು ತಿಳಿಯಲಿ ಎಂದು ಮೊದಲು ತಾನೇ ಕೈಹಾಕಿದ್ದ.

"ಸ್ವಲ್ಪ ಪಕ್ಕಕ್ಕೆ ಸರಿ," ಎಂದಳು.

ಗಾಳಿಯನ್ನೇನೋ ಬಿಟ್ಟಿದ್ದ, ಆದರೆ ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡೇ ಇತ್ತು. ಅವಳು ಚಕ್ರವನ್ನು ಅವನ ಕಾರಿನ ಅಡಿಗೆ ತಳ್ಳಿ, ಟೈರಿನ ಮೇಲೆ ಜಾಕ್ ನಿಲ್ಲಿಸಿ ತಿರುಗಿಸಿದಳು. ಕಾರಿನ ಭಾರವೆಲ್ಲ ರಬ್ಬರಿನ ಮೇಲೆ ಬಿದ್ದು ಅಂಚು ಢಬ್ಬೆಂದು ಬಿಟ್ಟುಕೊಂಡಿತು. ಚಕ್ರ ಮಗುಚಿ ಇನ್ನೊಂದು ಕಡೆಗೂ ಹಾಗೇ ಮಾಡಿ, ಸೋಪಿನ ನೀರು ಸವರಿ, ಲಿವರ್ ತೂರಿಸಿ, ಅದರ ಎದುರು ಕಡೆ ಟೈರಿನ ಮೇಲೆ ಮಂಡಿ ಊರಿದಳು.

ಹದಿನಾಲ್ಕು ವರ್ಷ ಗಂಡ ಲಿವರ್ ಹಿಡಿದಾಗಲೆಲ್ಲ "ಬಾ, ಎದುರು ಕಡೆ ಮಂಡಿ ಊರು" ಎಂದು ಕರೆಯುತ್ತಿದ್ದ. ನೋಡಿದವರು ಅವಳನ್ನು ಭಾರಕ್ಕಿಟ್ಟ ಕಲ್ಲು ಅಂದುಕೊಂಡಿದ್ದರು. ಗಂಡನೂ ಹಾಗೇ ಅಂದುಕೊಂಡಿದ್ದನೆಂದು ಈಗ ನೆನೆದರೆ ಮೈ ಉರಿಯುತ್ತಿತ್ತು. ಎದುರಿನ ಅಂಚು ರಿಮ್ಮಿನ ನಡುವಿನ ಹಳ್ಳಕ್ಕೆ ಇಳಿಯದೆ ಈ ಕಡೆ ಸಡಿಲವಾಗುವುದಿಲ್ಲವೆಂದು ಅವಳ ಮಂಡಿಗೆ ಗೊತ್ತಿತ್ತು.

ಗೇಣುಗೇಣಾಗಿ ಅಂಚು ಮೇಲೆ ಬಂತು. ಚಕ್ರವನ್ನು ನಿಲ್ಲಿಸಿ ಇನ್ನೊಂದು ಅಂಚನ್ನೂ ಎಬ್ಬಿಸಿದಳು. ರಿಮ್ ಕಳಚಿಕೊಂಡು ಉರುಳುತ್ತಾ ಹೋಗಿ ಗೋಡೆಗೆ ತಾಗಿತು.

ಒಳಕೋಣೆಯ ಕಿಟಕಿಯಿಂದ ಗಂಡನ ದನಿ ಬಂತು. "ತಮ್ಮ ಬಿಚ್ಚಿದ್ನಾ?"

"ನಾನು."

ಅವಳು ರಿಮ್ ತಂದು ಮಲಗಿಸಿದಳು. ಮೈದುನನ ಸ್ಟೆಪ್ನಿಯನ್ನು ಮತ್ತೆ ಜೋಡಿಸಬೇಕಿತ್ತಲ್ಲ. ಮೊದಲ ಅಂಚನ್ನು ಕೂರಿಸಿ, ಎರಡನೆಯದಕ್ಕೆ ಲಿವರ್ ಹಿಡಿದು ಅವನತ್ತ ನೋಡಿದಳು.

"ಬಾ, ಎದುರು ಕಡೆ ಮಂಡಿ ಊರು."

ಅವನು ತನ್ನ ಇಸ್ತ್ರಿ ಪ್ಯಾಂಟ್ ನೋಡಿಕೊಂಡ, ಕಿಟಕಿಯತ್ತ ನೋಡಿದ. ಕೊನೆಗೆ ಬಗ್ಗಿ ಮಂಡಿ ಊರಿದ. ಜೇಬಿನಲ್ಲಿದ್ದ ಬೀಗದ ಕೈ ತೊಡೆಗೆ ಚುಚ್ಚಿತೇನೋ, ಅದನ್ನು ತೆಗೆದು ಅವಳ ಸೋಪಿನ ನೀರಿನ ಡಬ್ಬಿಯ ಪಕ್ಕ ಇಟ್ಟು ಮತ್ತೆ ಊರಿದ.

"ಇನ್ನೂ ಸ್ವಲ್ಪ ಭಾರ ಬಿಡು," ಎಂದಳು ಅವಳು.